ಲಿವರ್‌ನ ಪಿತ್ತನಾಳದ ಸಿಸ್ಟ್ ಗಡ್ಡೆಗಳು: ಪತ್ತೆ ಹಚ್ಚುವ ಮತ್ತು ನಿಗಾ ಇಡುವ ಸಮಗ್ರ ಮಾರ್ಗದರ್ಶಿ

ಬಾಗಲಕೋಟೆಯ ಒಂದು ಸ್ಕ್ಯಾನಿಂಗ್ ಕೋಣೆಯಲ್ಲಿ ಕುಳಿತು ವರದಿ ಬರೆಯುವುದು ನನ್ನ ಕೆಲಸ. ಕಿಡ್ನಿ ಕಲ್ಲಿಗೋ ಹೊಟ್ಟೆ ಉಬ್ಬರಕ್ಕೋ ಬಂದವರ ಲಿವರ್‌ನಲ್ಲಿ ನೀರು ತುಂಬಿದ ಗುಳ್ಳೆ, ಅಂದರೆ ಸಿಸ್ಟ್, ಅಕಸ್ಮಾತ್ತಾಗಿ ಕಣ್ಣಿಗೆ ಬೀಳುವುದು ಅಪರೂಪವೇನಲ್ಲ. ವಿಷಯ ತಿಳಿದ ತಕ್ಷಣ ಮನೆಯವರು ಕೇಳುವ ಮೊದಲ ಪ್ರಶ್ನೆ ಒಂದೇ: "ಎಷ್ಟ ದೊಡ್ಡದೈತ್ರಿ ಸಾಹೇಬ್ರ?" ಇಂಡಿ ಲಿಂಬೆಯಷ್ಟು ಎಂದರೆ ಸಮಾಧಾನ, ತೆಂಗಿನಕಾಯಿಯಷ್ಟು ಎಂದರೆ ಗಾಬರಿ. ಆದರೆ ತೆಂಗಿನಕಾಯಿ ಗಾತ್ರದ ಸಿಸ್ಟ್ ಪೂರ್ತಿ ನಿರುಪದ್ರವಿಯಾಗಿರಬಹುದು, ಲಿಂಬೆ ಗಾತ್ರದ್ದು ಇಡಿಯಾಗಿ ತೆಗೆಯಬೇಕಾದ ಗಡ್ಡೆಯಾಗಿರಬಹುದು. ಕೇಳಬೇಕಾದ ಮೊದಲ ಪ್ರಶ್ನೆ ಅದು ಯಾವ ಜಾತಿಯ ಸಿಸ್ಟ್ ಎಂಬುದು. ಅದಕ್ಕೆ ಉತ್ತರ ಸಿಗುವವರೆಗೆ ಯಾರೂ ಅದಕ್ಕೆ ಸೂಜಿ ಚುಚ್ಚಬಾರದು. ಈ ಬರಹದ ಹಂತಗಳೆಲ್ಲ ಈ ಒಂದು ಕಾರಣಕ್ಕಾಗಿಯೇ ಈ ಕ್ರಮದಲ್ಲಿವೆ.

ಹೆಸರುಗಳನ್ನು ತಿಳಿದುಕೊಳ್ಳಿ

ಲಿವರ್‌ನಲ್ಲಿ ಕಾಣುವ ಸಿಸ್ಟ್‌ಗಳಲ್ಲಿ ಬಹುಪಾಲು ಸರಳ ಸಿಸ್ಟ್‌ಗಳು. ತೆಳು ಗೋಡೆಯ ಒಳಗೆ ತಿಳಿನೀರು, ಅಷ್ಟೇ. ಪಿತ್ತನಾಳದ ಒಳಪದರದ ಜೀವಕೋಶಗಳಿಂದ ಹುಟ್ಟುವ ನಿಜವಾದ ಸಿಸ್ಟ್ ಗಡ್ಡೆಗಳ ಪಾಲು ಶೇ. 5ಕ್ಕಿಂತ ಕಡಿಮೆ. ಇವುಗಳಲ್ಲಿ ಎರಡು ಮುಖ್ಯ ಬಗೆಗಳಿವೆ.

ಮೊದಲನೆಯದು ಮ್ಯೂಸಿನಸ್ ಸಿಸ್ಟಿಕ್ ನಿಯೋಪ್ಲಾಸಂ, ಅಂದರೆ ಲೋಳೆಯಂತಹ ದ್ರವವನ್ನು ಸ್ರವಿಸುವ ಸಿಸ್ಟ್ ಗಡ್ಡೆ. ವೈದ್ಯರು ಇದನ್ನು ಎಂಸಿಎನ್ ಎನ್ನುತ್ತಾರೆ. ಹಳೆಯ ವರದಿಗಳಲ್ಲಿ ಇದೇ ಗಡ್ಡೆ "ಬಿಲಿಯರಿ ಸಿಸ್ಟಾಡಿನೋಮ" ಎಂದೂ, ಕ್ಯಾನ್ಸರ್ ಆಗಿದ್ದರೆ "ಸಿಸ್ಟಾಡಿನೋಕಾರ್ಸಿನೋಮ" ಎಂದೂ ಕಾಣಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2010ರ ವರ್ಗೀಕರಣ ಹೆಸರನ್ನು ಬದಲಿಸಿತು, 2019ರ ಆವೃತ್ತಿ ಅದನ್ನೇ ಮುಂದುವರಿಸಿತು. ಇದರ ಗೋಡೆಯಲ್ಲಿ ಅಂಡಾಶಯದ ಅಂಗಾಂಶವನ್ನು ಹೋಲುವ ಪದರವೊಂದು ಇರುತ್ತದೆ, ಆ ಪದರ ಇಲ್ಲದಿದ್ದರೆ ಈ ಹೆಸರನ್ನೇ ಕೊಡುವಂತಿಲ್ಲ. ಆದ್ದರಿಂದಲೇ ಈ ಗಡ್ಡೆ ಬಹುತೇಕ ಹೆಂಗಸರಲ್ಲಿ, ಅದರಲ್ಲೂ ನಡುವಯಸ್ಸಿನವರಲ್ಲಿ, ಸಾಮಾನ್ಯವಾಗಿ ಒಂಟಿಯಾಗಿ, ಹೆಚ್ಚಾಗಿ ಲಿವರ್‌ನ ಎಡಭಾಗದಲ್ಲಿ ಕಾಣುತ್ತದೆ. ಪಿತ್ತನಾಳದೊಂದಿಗೆ ಇದಕ್ಕೆ ಸಾಮಾನ್ಯವಾಗಿ ನೇರ ಸಂಪರ್ಕ ಇರುವುದಿಲ್ಲ.

ಎರಡನೆಯದು ಪಿತ್ತನಾಳದ ಒಳಗೇ ಹೂಕೋಸಿನಂತೆ ಬೆಳೆಯುವ ಪ್ಯಾಪಿಲರಿ ಗಡ್ಡೆ, ಸಂಕ್ಷಿಪ್ತವಾಗಿ ಐಪಿಎನ್‌ಬಿ. ಇದು ನಾಳದೊಳಗೆ ಲೋಳೆ ಸುರಿಸಿ ನಾಳವನ್ನೇ ಚೀಲದಂತೆ ಹಿಗ್ಗಿಸುತ್ತದೆ. ಗಂಡಸರಲ್ಲೂ ಬರುತ್ತದೆ, ಪೂರ್ವ ಏಷ್ಯಾದ ದೇಶಗಳಲ್ಲಿ ಹೆಚ್ಚು ವರದಿಯಾಗಿದೆ, ಪಿತ್ತನಾಳದ ಕಲ್ಲುಗಳೊಂದಿಗೆ ನಂಟು ಹೊಂದಿದೆ. ಪತ್ತೆಯಾಗುವ ಹೊತ್ತಿಗೆ ಇದರೊಳಗೆ ಕ್ಯಾನ್ಸರ್ ಸೇರಿರುವ ಸಂಭವ ಎಂಸಿಎನ್‌ಗಿಂತ ಬಹಳ ಹೆಚ್ಚು.

ರೋಗಿಯ ಮಾತನ್ನು ಕೇಳಿಸಿಕೊಳ್ಳುವ ಹಂತ

ಬಹಳ ಮಂದಿಗೆ ಯಾವ ತೊಂದರೆಯೂ ಇರುವುದಿಲ್ಲ. ಇರುವವರು ಬಲ ಪಕ್ಕೆಲುಬಿನ ಕೆಳಗೆ ಭಾರ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು, ಬಾಗಿ ಕಸ ಗುಡಿಸುವಾಗ ಒತ್ತಿದಂತಾಗುವುದು ಎಂದು ಹೇಳುತ್ತಾರೆ. ಕಾಮಣಿ ಬಂದು ಹೋಗಿತ್ತೇ, ಚಳಿಜ್ವರದೊಂದಿಗೆ ಕಣ್ಣು ಹಳದಿಯಾಗಿತ್ತೇ, ಮೈ ತುರಿಸುತ್ತಿತ್ತೇ ಎಂದು ಪ್ರತ್ಯೇಕವಾಗಿ ಕೇಳಬೇಕು. ನಮ್ಮಲ್ಲಿ ಕಾಮಣಿಗೆ ಹಳ್ಳಿಯ ಔಷಧ ಕುಡಿದು, ಇಳಿಯಿತೆಂದು ಮರೆತುಬಿಡುವವರು ಬಹಳ. ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ. ಬಂದು ಹೋಗುವ ಕಾಮಣಿ ನಾಳದೊಳಗಿನ ಗಡ್ಡೆಯ ಕಡೆ ಬೆರಳು ತೋರುತ್ತದೆ, ಏಕೆಂದರೆ ಲೋಳೆ ನಾಳವನ್ನು ಕಟ್ಟಿ ಮತ್ತೆ ಸರಿಯುತ್ತಿರುತ್ತದೆ. ಹಿಂದೆ ಅಂಡಾಶಯ ಅಥವಾ ಕರುಳಿನ ಗಡ್ಡೆಗೆ ಚಿಕಿತ್ಸೆ ಆಗಿದೆಯೇ ಎಂಬುದೂ ಮುಖ್ಯ, ಅಲ್ಲಿಂದ ಹರಡಿದ ಗಡ್ಡೆಗಳು ಸಿಸ್ಟ್‌ನಂತೆ ಕಾಣಬಲ್ಲವು. ಮನೆಯಲ್ಲಿ ಯಾರಿಗಾದರೂ ಕಿಡ್ನಿ ಮತ್ತು ಲಿವರ್ ತುಂಬ ಗುಳ್ಳೆಗಳಿದ್ದವೇ ಎಂದೂ ಕೇಳಿಕೊಳ್ಳಬೇಕು.

ಇನ್ನೊಂದು ಪ್ರಶ್ನೆ ನಮ್ಮ ಸೀಮೆಯಲ್ಲಿ ಬಿಡುವಂತೆಯೇ ಇಲ್ಲ: ಕುರಿ, ನಾಯಿಗಳ ಒಡನಾಟ. ಅದಕ್ಕೆ ಮುಂದೆ ಬರುತ್ತೇನೆ.

ಅಲ್ಟ್ರಾಸೌಂಡ್: ಅವಸರ ಪಡಬಾರದ ಹಂತ

ಬೆಳಗಾವಿ ಕಡೆಯವರು ಸೋನೋಗ್ರಫಿ ಎನ್ನುವ ಈ ಪರೀಕ್ಷೆಗೆ ಆರರಿಂದ ಎಂಟು ಗಂಟೆ ಉಪವಾಸವಿದ್ದು ಬರಬೇಕು. ಚಹಾ ಕುಡಿದರೂ ಪಿತ್ತಕೋಶ ಕುಗ್ಗಬಹುದು. ಸರಳ ಸಿಸ್ಟ್ ಆಗಿದ್ದರೆ ಒಳಗೆ ಪೂರ್ತಿ ಕಪ್ಪು, ಕಾಣದಷ್ಟು ತೆಳುವಾದ ಗೋಡೆ, ಹಿಂಬದಿಯಲ್ಲಿ ಬೆಳಕಿನ ಪಟ್ಟಿ ಕಾಣುತ್ತವೆ. ಈ ಮೂರೂ ಸ್ಪಷ್ಟವಾಗಿದ್ದು ರೋಗಿಗೆ ತೊಂದರೆ ಇಲ್ಲದಿದ್ದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಯುರೋಪಿನ ಯಕೃತ್ತು ಅಧ್ಯಯನ ಸಂಘವು 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ತೊಂದರೆ ಕೊಡದ ಸರಳ ಸಿಸ್ಟ್‌ಗೆ ಮರುಸ್ಕ್ಯಾನಿಂಗ್ ಕೂಡ ಬೇಕಿಲ್ಲ. ಆರಾರು ತಿಂಗಳಿಗೆ ಬರಹೇಳಿ ಅಂಜಿಸುವುದು ರೋಗಿಯ ಜೇಬಿಗೂ ಮನಸ್ಸಿಗೂ ಅನ್ಯಾಯ.

ಸಂಶಯ ಹುಟ್ಟಬೇಕಾದದ್ದು ಒಳಗೆ ಅಡ್ಡಪೊರೆಗಳು ಕಂಡಾಗ, ಗೋಡೆ ದಪ್ಪವಾಗಿದ್ದಾಗ, ಗೋಡೆಗೆ ಅಂಟಿದ ಗಂಟು ಕಂಡಾಗ, ಸಿಸ್ಟ್‌ನ ಆಚೆಗಿನ ಪಿತ್ತನಾಳ ಹಿಗ್ಗಿದ್ದಾಗ. ಅಡ್ಡಪೊರೆಯನ್ನು ನೋಡುವುದರಲ್ಲೂ ಒಂದು ಸೂಕ್ಷ್ಮವಿದೆ. ಸರಳ ಸಿಸ್ಟ್‌ನ ಹೊರಮೈ ಒಳಕ್ಕೆ ಮಡಚಿಕೊಂಡ ಕಡೆಯಿಂದ ಪೊರೆ ಹೊರಟಂತೆ ಕಾಣುವುದುಂಟು, ಅದು ಅಷ್ಟಾಗಿ ಹೆದರಿಸುವಂಥದಲ್ಲ. ಹೊರಮೈ ನುಣುಪಾಗಿ ದುಂಡಗೇ ಇದ್ದು ಪೊರೆ ಒಳಗೋಡೆಯಿಂದ ನೆಟ್ಟಗೆ ಹೊರಟಿದ್ದರೆ ಎಂಸಿಎನ್ ಕಡೆಗೆ ಯೋಚನೆ ಹೋಗಬೇಕು. ಬಣ್ಣದ ಡಾಪ್ಲರ್ ಹಚ್ಚಿ ಗಂಟಿನೊಳಗೆ ರಕ್ತದ ಓಡಾಟ ಇದೆಯೇ ನೋಡಬೇಕು, ಏಕೆಂದರೆ ಸರಳ ಸಿಸ್ಟ್‌ನೊಳಗೆ ರಕ್ತ ಸುರಿದು ಹೆಪ್ಪುಗಟ್ಟಿದರೆ ಅದೂ ಗಂಟಿನಂತೆಯೇ ಕಾಣುತ್ತದೆ. ಹೆಪ್ಪಿನಲ್ಲಿ ರಕ್ತ ಹರಿಯುವುದಿಲ್ಲ, ರೋಗಿ ಮಗ್ಗುಲು ಬದಲಿಸಿದಾಗ ಅದು ಅಲುಗಾಡಲೂಬಹುದು.

ನನ್ನ ತಪ್ಪೊಂದನ್ನು ಇಲ್ಲಿ ಹೇಳಿಬಿಡುತ್ತೇನೆ. ವರ್ಷಗಳ ಹಿಂದೆ, ಸರತಿ ಉದ್ದವಿದ್ದ ಒಂದು ದಿನ, ನಡುವಯಸ್ಸಿನ ಹೆಣ್ಣುಮಗಳೊಬ್ಬರ ಲಿವರ್‌ನ ಎಡಭಾಗದಲ್ಲಿದ್ದ ಸಿಸ್ಟ್‌ಗೆ "ಸರಳ ಸಿಸ್ಟ್" ಎಂದು ಬರೆದೆ. ಆಮೇಲೆ ಬೇರೊಂದು ಊರಿನಲ್ಲಿ ಆ ನೀರನ್ನು ಸೂಜಿಯಿಂದ ತೆಗೆದರು, ಕೆಲವೇ ತಿಂಗಳಲ್ಲಿ ಮತ್ತೆ ತುಂಬಿತು. ಅವರು ನನ್ನಲ್ಲಿಗೆ ಮರಳಿ ಬಂದಾಗ ಹಳೆಯ ಚಿತ್ರಗಳನ್ನು ತೆರೆದು ನೋಡಿದೆ. ಐದು ಚಿತ್ರಗಳ ಪೈಕಿ ಒಂದರಲ್ಲಿ ಕೂದಲೆಳೆಯಂಥ ಅಡ್ಡಪೊರೆ ಇತ್ತು. ಅಂದಿನಿಂದ ಪ್ರತಿ ಸಿಸ್ಟ್ ಅನ್ನು ಎರಡು ದಿಕ್ಕಿನಲ್ಲಿ, ರೋಗಿಯನ್ನು ಎಡಮಗ್ಗುಲಿಗೆ ತಿರುಗಿಸಿಯೂ ನೋಡದೆ "ಸರಳ" ಎಂಬ ಪದ ಬರೆಯುವುದಿಲ್ಲ. ರೋಗಿಯ ಕಡೆಯವರು ವರದಿ ಕೈಗೆ ಬಂದಾಗ ನೋಡಬೇಕಾದದ್ದೂ ಇದನ್ನೇ: ಅಡ್ಡಪೊರೆ, ಗಂಟು, ಗೋಡೆಯ ದಪ್ಪ, ನಾಳದ ಹಿಗ್ಗುವಿಕೆ ಇವೆಯೋ ಇಲ್ಲವೋ ಎಂಬ ಸಾಲು ಇದೆಯೇ? ಇಲ್ಲದಿದ್ದರೆ ಬರೆದುಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕುರಿ, ನಾಯಿ ಮತ್ತು ಹೈಡಾಟಿಡ್

ಬಾಗಲಕೋಟೆ, ವಿಜಯಪುರ, ಬೆಳಗಾವಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಅಡ್ಡಪೊರೆಯ ಸಿಸ್ಟ್ ಕಂಡಾಗ ಗಡ್ಡೆಗಿಂತ ಮೊದಲು ನೆನಪಾಗಬೇಕಾದದ್ದು ಹೈಡಾಟಿಡ್. ಇದು ನಾಯಿಯ ಕರುಳಿನಲ್ಲಿರುವ ಎಕಿನೋಕಾಕಸ್ ಎಂಬ ಪುಟ್ಟ ಲಾಡಿಹುಳುವಿನ ಮರಿಗಳು ಕಟ್ಟುವ ಸಿಸ್ಟ್. ಕುರಿಯ ಸಿಸ್ಟ್ ಇರುವ ಲಿವರ್, ಪುಪ್ಪುಸಗಳನ್ನು ತಿಂದ ನಾಯಿಗೆ ಹುಳು, ನಾಯಿಯ ಮಲದಿಂದ ಮೊಟ್ಟೆ ಕುರಿಗೂ ಮನುಷ್ಯನಿಗೂ. ಅಮೀನಗಡದ ಕುರಿಸಂತೆಯನ್ನು ಕಂಡವರಿಗೆ, ಹಿಂಡಿನೊಂದಿಗೆ ತಿಂಗಳುಗಟ್ಟಲೆ ಅಡವಿಯಲ್ಲಿರುವ ಕುರಿಗಾರರನ್ನೂ ಅವರ ನಾಯಿಗಳನ್ನೂ ಬಲ್ಲವರಿಗೆ ಈ ಚಕ್ರವನ್ನು ಬಿಡಿಸಿ ಹೇಳಬೇಕಿಲ್ಲ. ಕುರಿ ಸಾಕದವರಿಗೂ ಇದು ಬರುತ್ತದೆ, ತೊಳೆಯದ ಸೊಪ್ಪಿನಿಂದಲೂ ಮೊಟ್ಟೆ ಹೊಟ್ಟೆ ಸೇರಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡ ಹೈಡಾಟಿಡ್ ಸಿಸ್ಟ್‌ಗಳನ್ನು ಅಲ್ಟ್ರಾಸೌಂಡ್ ನೋಟದ ಮೇಲೆ ಸಿಇ 1ರಿಂದ ಸಿಇ 5ರವರೆಗೆ ವಿಂಗಡಿಸಿದೆ. ಇವುಗಳಲ್ಲಿ ಸಿಇ 2, ದೊಡ್ಡ ಸಿಸ್ಟ್‌ನೊಳಗೆ ಜೇನುಹುಟ್ಟಿನ ಕೋಣೆಗಳಂತೆ ಮರಿಸಿಸ್ಟ್‌ಗಳು ತುಂಬಿದ್ದು, ಎಂಸಿಎನ್ ಎಂದು ಮೋಸಗೊಳಿಸುವುದರಲ್ಲಿ ಎತ್ತಿದ ಕೈ. ಒಳಪೊರೆ ಕಳಚಿ ನೀರಿನಲ್ಲಿ ತೇಲುತ್ತಿದ್ದರೆ ಅದು ಸಿಇ 3ಎ, ಆಗ ಗುರುತು ಸುಲಭ. ರಕ್ತದಲ್ಲಿ ಎಕಿನೋಕಾಕಸ್ ಪ್ರತಿಕಾಯದ ಪರೀಕ್ಷೆ ಮಾಡಿಸಬೇಕು, ಎದೆಯ ಎಕ್ಸ್‌ರೇ ಕೂಡ ತೆಗೆಸಬೇಕು, ಪುಪ್ಪುಸದಲ್ಲೂ ಇದೇ ಸಿಸ್ಟ್ ಇರಬಹುದು. ಆದರೆ ಪ್ರತಿಕಾಯ ಪರೀಕ್ಷೆ ನೆಗೆಟಿವ್ ಬಂದ ಮಾತ್ರಕ್ಕೆ ಹೈಡಾಟಿಡ್ ಇಲ್ಲ ಎನ್ನುವಂತಿಲ್ಲ. ಎಳೆಯ ಸಿಸ್ಟ್‌ಗಳಲ್ಲೂ ಸತ್ತ ಸಿಸ್ಟ್‌ಗಳಲ್ಲೂ ಅದು ತಪ್ಪಿಸಿಕೊಳ್ಳುತ್ತದೆ.

ಸಿದ್ಧತೆಯಿಲ್ಲದೆ ಹೈಡಾಟಿಡ್‌ಗೆ ಚುಚ್ಚಿದರೆ ದ್ರವ ಹೊಟ್ಟೆಯೊಳಗೆ ಸೋರಿ ತೀವ್ರ ಅಲರ್ಜಿಯ ಆಘಾತವಾಗಬಹುದು, ಮರಿಹುಳುಗಳು ಚೆಲ್ಲಿ ಹೊಟ್ಟೆಯ ತುಂಬ ಹೊಸ ಸಿಸ್ಟ್‌ಗಳು ಬೆಳೆಯಬಹುದು. ಚುಚ್ಚಿ ಮಾಡುವ ಚಿಕಿತ್ಸೆಯೊಂದು ಇದೆ ನಿಜ, ಅದು ಆಯ್ದ ಬಗೆಯ ಸಿಸ್ಟ್‌ಗೆ, ಆಲ್ಬೆಂಡಜೋಲ್ ಮಾತ್ರೆಯ ರಕ್ಷಣೆಯಲ್ಲಿ, ಅನುಭವಿಗಳ ಕೈಯಲ್ಲಿ ಮಾತ್ರ.

ಎಂಆರ್‌ಐ, ಎಂಆರ್‌ಸಿಪಿ ಮತ್ತು ಸಿಟಿ

ಸಂಶಯ ಉಳಿದರೆ ಮುಂದಿನ ಪರೀಕ್ಷೆ ಎಂಆರ್‌ಐ, ಅದರ ಜೊತೆಗೆ ಪಿತ್ತನಾಳಗಳನ್ನು ತೋರಿಸುವ ಎಂಆರ್‌ಸಿಪಿ. ಸಿಟಿ ಬೇಗ ಸಿಗುತ್ತದೆಂದು ಮೊದಲು ಅದನ್ನೇ ಬರೆದುಕೊಡುವ ರೂಢಿಯಿದೆ. ಸಿಟಿಯಲ್ಲಿ ಗೋಡೆಯ ಸುಣ್ಣ ಮತ್ತು ರಕ್ತನಾಳಗಳೊಂದಿಗಿನ ನಂಟು ಚೆನ್ನಾಗಿ ಕಾಣುತ್ತವೆ, ಆದರೆ ತೆಳು ಅಡ್ಡಪೊರೆಗಳು ಅಲ್ಟ್ರಾಸೌಂಡ್ ಮತ್ತು ಎಂಆರ್‌ಐನಲ್ಲಿ ಕಾಣುವಷ್ಟು ಅದರಲ್ಲಿ ಕಾಣುವುದಿಲ್ಲ. "ಸಿಟಿಯಲ್ಲಿ ಸರಳ ಸಿಸ್ಟ್ ಬಂದಿದೆ, ಅಲ್ಟ್ರಾಸೌಂಡ್ ತಪ್ಪು" ಎಂಬ ತೀರ್ಮಾನ ಹಲವು ಸಲ ತಲೆಕೆಳಗಾದದ್ದೇ.

ಎಂಆರ್‌ಐ ಕೇಳುವಾಗ ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲೆಂದು ರಕ್ತನಾಳಕ್ಕೆ ಕೊಡುವ ಔಷಧ) ಸಹಿತ ಎಂದು ಬರೆಸಬೇಕು, ಗಂಟು ಜೀವಂತವೋ ಬರಿಯ ಹೆಪ್ಪೋ ಎಂಬುದು ಕಾಂಟ್ರಾಸ್ಟ್ ಹೀರುವುದರಿಂದಲೇ ತಿಳಿಯುವುದು. ಹೆಪ್ಪಾದ ರಕ್ತ ಮೊದಲೇ ಬೆಳ್ಳಗೆ ಹೊಳೆಯುತ್ತಿರುವ ಕಾರಣ, ಕಾಂಟ್ರಾಸ್ಟ್‌ಗೆ ಮುಂಚಿನ ಚಿತ್ರವನ್ನು ನಂತರದ ಚಿತ್ರದಿಂದ ಕಳೆದು ತೋರಿಸುವ ವಿಧಾನವನ್ನೂ ಬಳಸಬೇಕಾಗುತ್ತದೆ. ಕಿಡ್ನಿಯ ತೊಂದರೆ ಇದ್ದವರು ಕ್ರಿಯಾಟಿನಿನ್ ವರದಿ ಹಿಡಿದು ಬರಬೇಕು. ಪೇಸ್‌ಮೇಕರ್, ಮೂಳೆಯ ರಾಡು, ಕಿವಿಯೊಳಗಿನ ಯಂತ್ರ ಇದ್ದರೆ ಮೊದಲೇ ತಿಳಿಸಬೇಕು. ಎಂಆರ್‌ಸಿಪಿಯಲ್ಲಿ ನೋಡುವುದು ಸಿಸ್ಟ್ ಮತ್ತು ನಾಳದ ಸಂಬಂಧವನ್ನು: ನಾಳ ಸಿಸ್ಟ್‌ನ ಭಾರಕ್ಕೆ ಒತ್ತಿಹೋಗಿದೆಯೇ, ಅಥವಾ ನೇರವಾಗಿ ಅದರೊಳಗೆ ತೆರೆದುಕೊಂಡಿದೆಯೇ? ತೆರೆದುಕೊಂಡಿದ್ದರೆ ಐಪಿಎನ್‌ಬಿಯ ಯೋಚನೆ ಮುಂದೆ ಬರುತ್ತದೆ, ಆಗ ಎಂಡೋಸ್ಕೋಪಿಯ ಮೂಲಕ ನಾಳದೊಳಗೆ ಇಣುಕಿ ನೋಡುವ, ತುಣುಕು ತೆಗೆಯುವ ಪರೀಕ್ಷೆ ಬೇಕಾಗಬಹುದು. ಎಂಡೋಸ್ಕೋಪಿಯಲ್ಲಿ ಪಿತ್ತನಾಳದ ಬಾಯಿಂದ ಲೋಳೆ ಜಿನುಗುವುದು ಕಂಡರೆ ಅದೊಂದು ದೊಡ್ಡ ಸುಳಿವು.

ರಕ್ತಪರೀಕ್ಷೆಗೆ ಎಷ್ಟು ಬೆಲೆ ಕೊಡಬೇಕು

ಲಿವರ್ ಕಾರ್ಯದ ಪರೀಕ್ಷೆಯಲ್ಲಿ ಬಿಲಿರುಬಿನ್, ಅಲ್ಕಲೈನ್ ಫಾಸ್ಫಟೇಸ್, ಜಿಜಿಟಿ ಏರಿದ್ದರೆ ನಾಳ ಕಟ್ಟಿದೆ ಎಂದು ತಿಳಿಯಬಹುದು. ಇದಕ್ಕಿಂತ ಹೆಚ್ಚು ಗೊಂದಲ ಎಬ್ಬಿಸುವುದು ಸಿಎ 19-9 ಎಂಬ ಗಡ್ಡೆ ಸೂಚಕ. ಇದರ ಸಾಮಾನ್ಯ ಮಿತಿ ಮಿಲಿಲೀಟರಿಗೆ 37 ಯೂನಿಟ್. ವರದಿಯಲ್ಲಿ ಅದು ದಪ್ಪಕ್ಷರದಲ್ಲಿ 90 ಎಂದು ಬಂದರೆ ಮನೆಯಲ್ಲಿ ಅಳು ಶುರುವಾಗುತ್ತದೆ. ಸರಳ ಸಿಸ್ಟ್‌ನ ಒಳಪದರವೂ ಪಿತ್ತನಾಳದ ಜಾತಿಯದೇ ಆದ್ದರಿಂದ ಅದೂ ಈ ವಸ್ತುವನ್ನು ಸ್ರವಿಸುತ್ತದೆ. ನಾಳ ಕಟ್ಟಿದ್ದರೂ, ನಾಳಕ್ಕೆ ಸೋಂಕಾಗಿದ್ದರೂ ಏರುತ್ತದೆ. ಕೆಲವರ ದೇಹ ಹುಟ್ಟಿನಿಂದಲೇ ಇದನ್ನು ತಯಾರಿಸುವುದಿಲ್ಲ, ಅವರಲ್ಲಿ ಕ್ಯಾನ್ಸರ್ ಇದ್ದರೂ ಅಂಕಿ ಏರದು. ರಕ್ತದ್ದಾಗಲಿ ಸಿಸ್ಟ್ ದ್ರವದ್ದಾಗಲಿ, ಸಿಎ 19-9 ಮತ್ತು ಸಿಇಎ ಎಂಬ ಇನ್ನೊಂದು ಸೂಚಕದ ಅಂಕಿಗಳಿಂದ ಸರಳ ಸಿಸ್ಟ್ ಮತ್ತು ಎಂಸಿಎನ್‌ಗಳನ್ನು ಬೇರ್ಪಡಿಸಲಾಗದು ಎಂದು ಮೇಲೆ ಹೇಳಿದ ಯುರೋಪಿನ ಮಾರ್ಗಸೂಚಿಯೇ ಹೇಳುತ್ತದೆ.

ಸುಳಿವುಗಳನ್ನು ತೂಗುವುದು

ಆ ಮಾರ್ಗಸೂಚಿ ಚಿತ್ರಗಳಲ್ಲಿನ ಸುಳಿವುಗಳನ್ನು ಎರಡು ತೂಕಗಳಲ್ಲಿ ಇಡುತ್ತದೆ. ದಪ್ಪ ಅಡ್ಡಪೊರೆ ಮತ್ತು ಗಂಟು ಭಾರದ ಸುಳಿವುಗಳು. ತೆಳು ಅಡ್ಡಪೊರೆ, ಆಚೆಗಿನ ನಾಳದ ಹಿಗ್ಗುವಿಕೆ, ಸಿಸ್ಟ್‌ನೊಳಗೆ ರಕ್ತಸ್ರಾವ, ಸುತ್ತಲಿನ ಲಿವರ್‌ನ ರಕ್ತ ಪೂರೈಕೆಯಲ್ಲಿ ವ್ಯತ್ಯಾಸ, ಲಿವರ್‌ನಲ್ಲಿ ಬೇರೆ ಸಿಸ್ಟ್‌ಗಳು ಮೂರಕ್ಕಿಂತ ಕಡಿಮೆ ಇರುವುದು ಇವು ಹಗುರ ಸುಳಿವುಗಳು. ಭಾರದ್ದು ಒಂದಾದರೂ, ಹಗುರದ್ದು ಒಂದಾದರೂ ಕೂಡಿದರೆ ಎಂಸಿಎನ್ ಎಂದು ಸಂಶಯಿಸಬೇಕು. ಕೊನೆಯ ಸುಳಿವು ಮೊದಲ ಓದಿಗೆ ವಿಚಿತ್ರವೆನಿಸುತ್ತದೆ, ಹೆಚ್ಚು ಸಿಸ್ಟ್ ಇದ್ದಷ್ಟೂ ಅಪಾಯ ಹೆಚ್ಚೆಂದು ಜನ ತಿಳಿಯುವುದು ಸಹಜ. ವಾಸ್ತವದಲ್ಲಿ ಹಲವು ಸಿಸ್ಟ್‌ಗಳಿರುವುದು ಸರಳ ಸಿಸ್ಟ್‌ಗಳ ಗುಣ. ಒಂಟಿಯಾಗಿ, ದೊಡ್ಡದಾಗಿ, ಕೋಣೆ ಮಾಡಿಕೊಂಡು ಕೂತಿರುವುದು ಗಡ್ಡೆಯ ಗುಣ.

ಈ ತೂಕವನ್ನು ಒಬ್ಬರೇ ಮಾಡುವುದಕ್ಕಿಂತ ರೇಡಿಯಾಲಜಿಸ್ಟ್, ಗ್ಯಾಸ್ಟ್ರೋ ತಜ್ಞ, ಲಿವರ್ ಶಸ್ತ್ರಚಿಕಿತ್ಸಕ ಕೂಡಿ ಕುಳಿತು ಮಾಡುವುದು ಲೇಸು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಮತ್ತು ಬಿಮ್ಸ್, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ವಿಜಯಪುರದ ಬಿಎಲ್‌ಡಿಇ ಹೀಗೆ ಮೂರೂ ಜಿಲ್ಲೆಗಳಲ್ಲಿ ಬೋಧನಾ ಆಸ್ಪತ್ರೆಗಳಿವೆ. ಯಾವ ವಿಭಾಗ ಯಾವ ದಿನ ಇರುತ್ತದೆಂದು ವಿಚಾರಿಸಿಕೊಂಡು ಹೋದರೆ ಒಂದು ದಿನದ ಕೂಲಿ ಉಳಿಯುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ; ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ದಾಖಲಾದ ಮೇಲೆ ಆ ಪತ್ರಕ್ಕೆ ಓಡಾಡುವುದು ಕಷ್ಟ.

ಸೂಜಿ, ಬಯಾಪ್ಸಿ, ಶಸ್ತ್ರಚಿಕಿತ್ಸೆ

"ಸ್ವಲ್ಪ ನೀರು ತೆಗೆದು ಪರೀಕ್ಷೆ ಮಾಡೋಣ" ಎಂಬ ಮಾತು ಕೇಳಲು ಸಮಂಜಸವಾಗಿದೆ. ಆದರೆ ಎಂಸಿಎನ್‌ನ ಗೋಡೆಯಲ್ಲಿ ಒಂದು ಕಡೆ ಸೌಮ್ಯ ಜೀವಕೋಶ, ಇನ್ನೊಂದು ಮೂಲೆಯಲ್ಲಿ ಕ್ಯಾನ್ಸರ್ ಇರಬಹುದಾದ್ದರಿಂದ ಸೂಜಿಗೆ ಸಿಕ್ಕ ತುಣುಕು ಸೌಮ್ಯವೆಂದು ಬಂದರೂ ನಂಬುವಂತಿಲ್ಲ, ದ್ರವದ ಜೊತೆ ಜೀವಕೋಶಗಳು ಹೊಟ್ಟೆಯಲ್ಲಿ ಚೆಲ್ಲುವ ಭಯವೂ ಇದೆ. ಬಲವಾದ ಸಂಶಯವಿರುವ ಸಿಸ್ಟ್ ಅನ್ನು ಇಡಿಯಾಗಿ ತೆಗೆಯುವುದೇ ಸರಿಯಾದ ಚಿಕಿತ್ಸೆ, ಖಚಿತ ಪತ್ತೆಯೂ ಅದರಿಂದಲೇ. ದೂರ್ಬೀನು ಶಸ್ತ್ರಚಿಕಿತ್ಸೆಯಲ್ಲಿ ಸಿಸ್ಟ್‌ನ ಮೇಲ್ಛಾವಣಿಯನ್ನಷ್ಟೇ ಕತ್ತರಿಸುವ ವಿಧಾನ ತೊಂದರೆ ಕೊಡುವ ಸರಳ ಸಿಸ್ಟ್‌ಗೆ ತಕ್ಕದ್ದು. ಎಂಸಿಎನ್‌ಗೆ ಅದನ್ನು ಮಾಡಿದರೆ ಉಳಿದ ಗೋಡೆಯಿಂದ ಗಡ್ಡೆ ಮತ್ತೆ ಬೆಳೆಯುತ್ತದೆ.

ತೆಗೆದ ಗಡ್ಡೆಯ ಪೆಥಾಲಜಿ ವರದಿಯಲ್ಲಿ ನಾಲ್ಕು ವಿಷಯಗಳು ಸ್ಪಷ್ಟವಾಗಿರಬೇಕು: ಅಂಡಾಶಯ ಮಾದರಿಯ ಪದರ ಇದೆಯೇ, ಜೀವಕೋಶಗಳ ಕೆಡುಕು ಕೆಳದರ್ಜೆಯದೋ ಮೇಲ್ದರ್ಜೆಯದೋ, ಗೋಡೆ ದಾಟಿ ನುಗ್ಗಿದ ಕ್ಯಾನ್ಸರ್ ಇದೆಯೇ, ಕತ್ತರಿಸಿದ ಅಂಚು ಶುದ್ಧವಾಗಿದೆಯೇ. ಸ್ಲೈಡು ಮತ್ತು ಮೇಣದ ಬ್ಲಾಕುಗಳನ್ನು ಪ್ರಯೋಗಾಲಯ ಕಾದಿಡುತ್ತದೆ, ಎರಡನೆಯ ಅಭಿಪ್ರಾಯ ಬೇಕಿದ್ದರೆ ಕೇಳಿ ಪಡೆಯಬಹುದು.

ನಿಗಾ ಇಡುವ ಕ್ರಮ

ನಿಗಾ ಬೇಕಾಗುವವರು ಮೂರು ಗುಂಪಿನವರು: ಸುಳಿವು ಅರೆಬರೆ ಇದ್ದು ತೀರ್ಮಾನಕ್ಕೆ ಬರಲಾಗದವರು, ಗಡ್ಡೆಯ ಸಂಶಯವಿದ್ದರೂ ವಯಸ್ಸು ಅಥವಾ ಹೃದಯದ ತೊಂದರೆಯಿಂದ ಶಸ್ತ್ರಚಿಕಿತ್ಸೆ ತಾಳಲಾರದವರು, ಶಸ್ತ್ರಚಿಕಿತ್ಸೆ ಮುಗಿಸಿಕೊಂಡವರು. ಮೊದಲ ಗುಂಪಿಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ ಮೊದಲ ಮರುಪರೀಕ್ಷೆ, ಬದಲಾವಣೆ ಇಲ್ಲದಿದ್ದರೆ ಆರರಿಂದ ಹನ್ನೆರಡು ತಿಂಗಳ ಅಂತರ ಇಡುವುದು ರೂಢಿ. ಅಂತರವನ್ನು ಅಂತಿಮವಾಗಿ ನಿಮ್ಮ ವೈದ್ಯರೇ ಗೊತ್ತುಮಾಡಬೇಕು. ಪೂರ್ತಿ ತೆಗೆದ, ಕ್ಯಾನ್ಸರ್ ಇಲ್ಲದ ಎಂಸಿಎನ್ ಮರುಕಳಿಸುವುದು ಅಪರೂಪ. ಐಪಿಎನ್‌ಬಿ ಹಾಗಲ್ಲ, ಅದು ಪಿತ್ತನಾಳದ ಒಂದಕ್ಕಿಂತ ಹೆಚ್ಚು ಕಡೆ ಹುಟ್ಟಬಲ್ಲದಾದ್ದರಿಂದ ಶಸ್ತ್ರಚಿಕಿತ್ಸೆಯಾಗಿ ವರ್ಷಗಳಾದರೂ ನಿಗಾ ಬಿಡುವಂತಿಲ್ಲ.

ಹೋಲಿಕೆ ಸರಿಯಾಗಬೇಕಾದರೆ ಒಂದೇ ಬಗೆಯ ಪರೀಕ್ಷೆಯನ್ನು, ಸಾಧ್ಯವಾದರೆ ಒಂದೇ ಕೇಂದ್ರದಲ್ಲಿ ಮಾಡಿಸಬೇಕು. ಕಳೆದ ಸಲದ ಅಲ್ಟ್ರಾಸೌಂಡ್ ಅಳತೆಯನ್ನು ಈ ಸಲದ ಸಿಟಿ ಅಳತೆಗೆ ಹೋಲಿಸಿ ಬೆಳೆದಿದೆ ಎನ್ನುವುದು ಸಲ್ಲದು, ಕೈ ಬದಲಾದರೂ ಕೆಲವು ಮಿಲಿಮೀಟರ್ ವ್ಯತ್ಯಾಸ ಸಹಜ. ಉದ್ದ, ಅಗಲ, ಎತ್ತರ ಮೂರನ್ನೂ ಬರೆಸಿ, ಮೂರನ್ನೂ ಗುಣಿಸಿ 0.52ರಿಂದ ಗುಣಿಸಿದರೆ ಅಂದಾಜು ಘನ ಅಳತೆ ಸಿಗುತ್ತದೆ. 6, 5, 5 ಸೆಂಟಿಮೀಟರಿನ ಸಿಸ್ಟ್ ಸುಮಾರು 78 ಮಿಲಿಲೀಟರ್. ಪ್ರತಿ ದಿಕ್ಕಿನಲ್ಲೂ ಒಂದೊಂದೇ ಸೆಂಟಿಮೀಟರ್ ಬೆಳೆದು 7, 6, 6 ಆದರೆ ಸುಮಾರು 131. ವರದಿಯಲ್ಲಿ ಒಂದು ಸೆಂಟಿಮೀಟರಿನ ಮಾತಾಗಿ ಕಂಡದ್ದು ಘನದಲ್ಲಿ ಮೂರನೇ ಎರಡು ಪಾಲಿನ ಏರಿಕೆ. ಹಾಗಿದ್ದರೂ ಸರಳ ಸಿಸ್ಟ್‌ಗಳೂ ನಿಧಾನವಾಗಿ ಬೆಳೆಯುತ್ತವೆ, ಬೆಳವಣಿಗೆಯೊಂದೇ ಕ್ಯಾನ್ಸರಿನ ಗುರುತಲ್ಲ. ಹೊಸ ಗಂಟು, ದಪ್ಪಗಾಗುತ್ತಿರುವ ಪೊರೆ, ಹೊಸದಾಗಿ ಹಿಗ್ಗಿದ ನಾಳ ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಾರೀಖಿಗೆ ಕಾಯದೆ ತಜ್ಞರ ಬಳಿಗೆ ಹೋಗಬೇಕು. ಚಳಿಜ್ವರದೊಂದಿಗೆ ಕಾಮಣಿ, ತಟ್ಟನೆ ಬಂದ ತೀವ್ರ ಹೊಟ್ಟೆನೋವು, ತಲೆತಿರುಗಿ ಬಿದ್ದುದು ಇವುಗಳಿಗೆ ಅದೇ ದಿನ ತುರ್ತು ವಿಭಾಗ.

ಎಂಸಿಎನ್‌ನ ಅಂಡಾಶಯ ಮಾದರಿಯ ಪದರಕ್ಕೆ ಹೆಣ್ಣು ಹಾರ್ಮೋನುಗಳನ್ನು ಗ್ರಹಿಸುವ ಗುಣವಿದೆ. ಸಂಶಯದ ಸಿಸ್ಟ್ ಇರುವ ಹೆಣ್ಣುಮಕ್ಕಳು ಗರ್ಭನಿರೋಧಕ ಗುಳಿಗೆ ಅಥವಾ ಮುಟ್ಟು ನಿಂತ ಮೇಲಿನ ಹಾರ್ಮೋನು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಬಸಿರಾಗುವ ಯೋಚನೆಯಲ್ಲಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ದಾಖಲೆಗಳ ಬಗ್ಗೆ ಒಂದು ಮಾತು ಉಳಿದಿದೆ. ಅಲ್ಟ್ರಾಸೌಂಡಿನ ನುಣುಪು ಕಾಗದದ ಚಿತ್ರಗಳು ನಮ್ಮ ಬೇಸಿಗೆಯ ಕಾವಿಗೆ ಮಾಸಿ ಹೋಗುತ್ತವೆ, ಕೈಗೆ ಬಂದ ದಿನವೇ ಫೋನಿನಲ್ಲಿ ಫೋಟೋ ತೆಗೆದಿಡಿ. ಎಂಆರ್‌ಐ, ಸಿಟಿಗಳ ಫಿಲ್ಮ್ ಸಾಲದು, ಪೂರ್ತಿ ಚಿತ್ರಗಳಿರುವ ಸಿಡಿ ಕೇಳಿ ಪಡೆಯಿರಿ; ಫಿಲ್ಮಿನ ಮೇಲೆ ಅಚ್ಚಾಗುವುದು ನೂರಾರು ಚಿತ್ರಗಳಲ್ಲಿ ಆಯ್ದ ಕೆಲವು ಮಾತ್ರ. ದುಡಿಯಲು ಗೋವಾಕ್ಕೋ ಮಹಾರಾಷ್ಟ್ರಕ್ಕೋ ಹೋಗುವ ಕುಟುಂಬಗಳು ಫೈಲನ್ನು ಊರಿನ ಮನೆಯ ಗೂಟಕ್ಕೆ ನೇತುಹಾಕಿ ಹೋಗುತ್ತವೆ, ಅಲ್ಲಿ ಹೊಟ್ಟೆ ನೋವು ಬಂದಾಗ ಹೊಸ ವೈದ್ಯರಿಗೆ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ, ಬಹುಶಃ ಸೂಜಿಯಿಂದಲೇ. ಮೊದಲ ವರದಿ, ಕೊನೆಯ ವರದಿ, ಸಿಡಿ ಮತ್ತು "ತಜ್ಞರನ್ನು ಕೇಳದೆ ಚುಚ್ಚಬಾರದು" ಎಂದು ನಿಮ್ಮ ವೈದ್ಯರು ಬರೆದುಕೊಟ್ಟ ಚೀಟಿ, ಇಷ್ಟು ಬಟ್ಟೆಗಂಟಿನೊಳಗೆ ಜೊತೆಗೇ ಇರಲಿ.